ಊರಿನ ಕೊಳೆನೀರು

ನಮ್ಮ ನಾಡಿನ ಶಿಲಾಶಾಸನಗಳನ್ನು ಓದಿದವರಿಗೆ ಒಂದು ಸಂಗತಿ ಚೆನ್ನಾಗಿ ತಿಳಿದಿರುತ್ತದೆ. ಕೆರೆಯನ್ನು ಕಟ್ಟಿಸಿದವರು, ತೂಬನ್ನು ಇಡಿಸಿದವರು, ಕಾಲುವೆಯನ್ನು ತೋಡಿಸಿದವರು, ಅರವಟ್ಟಿಗೆಯನ್ನು ನಡೆಯಿಸಿದವರು, ಇವರ ಹೆಸರುಗಳು ಕಲ್ಲಿನ ಮೇಲೆ ನಿಂತಿವೆ. ಊರಿಗೆ ನೀರನ್ನು ತಂದವನು ಪುಣ್ಯವಂತನೆನಿಸಿಕೊಂಡನು. ಆದರೆ ಹೀಗೆ ಬಂದ ನೀರು ಬಳಕೆಯಾಗಿ, ಕೊಳೆತು, ಊರಿನಿಂದ ಹೊರಕ್ಕೆ ಹೋಗುವಾಗ ಅದನ್ನು ಯಾರು ನೋಡಿಕೊಂಡರು, ಹೇಗೆ ನೋಡಿಕೊಂಡರು ಎಂಬ ವಿಷಯವು ಕಲ್ಲಿನ ಮೇಲೆ ಏರುವುದು ಅಪೂರ್ವ. ಇತಿಹಾಸವನ್ನು ಬೋಧಿಸತಕ್ಕ ನಾವೂ ಯುದ್ಧಗಳ ವರುಷಗಳನ್ನು ವಿದ್ಯಾರ್ಥಿಗಳಿಂದ ಬಾಯಿಪಾಠ ಮಾಡಿಸುತ್ತೇವೆಯೇ ಹೊರತು ಚರಂಡಿಗಳ ವರುಷಗಳನ್ನು ಕೇಳುವುದಿಲ್ಲ. ಒಂದು ಊರಿನ ಮಕ್ಕಳು ಬದುಕಿ ಬೆಳೆಯುವುದಕ್ಕೆ ಇವೆರಡರಲ್ಲಿ ಯಾವುದು ಹೆಚ್ಚು ಕಾರಣವೆಂದು ವಿಚಾರ ಮಾಡಿದರೆ ಉತ್ತರವು ಕಷ್ಟವಲ್ಲ. ಆದುದರಿಂದ ಊರಿನ ಕೊಳೆನೀರನ್ನು, ವಿಶೇಷವಾಗಿ ಸಣ್ಣ ಊರಿನ ಕೊಳೆನೀರನ್ನು, ಶುದ್ಧಿಗೊಳಿಸುವ ವಿದ್ಯೆಯು ಹೇಗೆ ಬೆಳೆದು ಬಂದಿತೆಂಬುದನ್ನು ಸಂಕ್ಷೇಪವಾಗಿ ನಿರೂಪಿಸಬೇಕೆಂದಿದ್ದೇವೆ.

ಮೊದಲು ಒಂದೆರಡು ಲೆಕ್ಕಗಳನ್ನು ಮನಸ್ಸಿನಲ್ಲಿಟ್ಟುಕೊಳ್ಳಬೇಕು. ಊರಿಗೆ ನೂರು ಕೊಡ ನೀರು ಬಂದರೆ ಅದರಲ್ಲಿ ಸುಮಾರು 80 ಕೊಡ ಕೊಳೆನೀರಾಗಿ ಹೊರಬೀಳುತ್ತದೆಂದು ಇಂಜಿನಿಯರುಗಳು ಎಣಿಸುತ್ತಾರೆ. ಆದಕಾರಣ ಮನೆಮನೆಗೂ ನಲ್ಲಿಯನ್ನು ಕೊಡುವ ಪುರಸಭೆಯು ತನಗೆ ಅರಿವಿಲ್ಲದೆಯೇ ಮನೆಮನೆಯಿಂದಲೂ ಒಂದು ಹಳ್ಳವನ್ನು ಹೊರಡಿಸುತ್ತದೆ. ಎರಡನೆಯದು: ಈ ಕೊಳೆನೀರಿನ ಸಾವಿರ ಪಾಲಿನಲ್ಲಿ ಸುಮಾರು 999 ಪಾಲು ಬರಿಯ ನೀರೇ. ಉಳಿದ ಒಂದು ಪಾಲಿನಲ್ಲಿ ಮಲ, ಅನ್ನದ ಅಗುಳು, ಎಣ್ಣೆ ಜಿಡ್ಡು, ಸಾಬೂನು, ಉಪ್ಪುಗಳು, ರೋಗಬೀಜಗಳು ಎಲ್ಲವೂ ಅಡಕವಾಗಿವೆ. ಆ ಒಂದು ಪಾಲನ್ನು ಬೇರ್ಪಡಿಸುವುದೇ ಈ ವಿದ್ಯೆಯ ಸಮಸ್ತ ಶ್ರಮ. ಬೇರ್ಪಡಿಸಿದುದನ್ನು ಎಲ್ಲಿಡಬೇಕೆಂಬುದೇ ಅದರ ಸಮಸ್ತ ಕಷ್ಟ. ಈ ಎರಡನೆಯ ಮಾತಿಗೆ ನಾವು ಮತ್ತೆ ಬರಬೇಕಾಗುವುದು.

ಹಳೆಯ ಕಾಲದ ಉಪಾಯ ನಮಗೆ ಅಪರಿಚಿತವಾದುದಲ್ಲ. ಮನೆಯ ಹಿತ್ತಿಲಿನಲ್ಲಿ ಬಚ್ಚಲಿನ ನೀರು ಬಾಳೆಯ ಬುಡಕ್ಕೋ ಕೆಸುವಿನ ಮಡಿಗೋ ಹರಿದುಹೋಗುತ್ತಿತ್ತು. ಗಿಡವೂ ಹುಲುಸಾಗುತ್ತಿತ್ತು, ನಾಲ್ಕು ಮೊಳದಾಚೆಗೆ ನೀರಿನ ವಾಸನೆಯೂ ಇರುತ್ತಿರಲಿಲ್ಲ. ಒಂದು ಸಂಸಾರದ ಬಚ್ಚಲಿಗೆ ಒಂದು ಹಿತ್ತಿಲು ಸಾಕು. ಆದರೆ ಮನೆಗಳು ಒಂದಕ್ಕೊಂದು ಅಂಟಿಕೊಂಡು ಹಿತ್ತಿಲುಗಳು ಮಾಯವಾದಾಗ, ಮಲವೂ ನೀರಿನಲ್ಲಿಯೇ ತೇಲಿಹೋಗತಕ್ಕ ಕಕ್ಕಸುಗಳು ಬಂದಾಗ, ಬಾಳೆಯ ಬುಡವು ಸೋತುಹೋಯಿತು. ಈ ಸೋಲು ಮೊದಲು ದೊಡ್ಡ ಪ್ರಮಾಣದಲ್ಲಿ ಕಂಡುಬಂದುದು ಹತ್ತೊಂಬತ್ತನೆಯ ಶತಮಾನದ ಇಂಗ್ಲೆಂಡಿನಲ್ಲಿ. 1858ರ ಬೇಸಿಗೆಯಲ್ಲಿ ಥೇಮ್ಸ್ ನದಿಯ ದುರ್ಗಂಧವು ಪಾರ್ಲಿಮೆಂಟಿನ ಸಭಾಭವನವನ್ನೇ ಹೊಕ್ಕಿತು. ಅನಂತರ ಲಂಡನ್ ನಗರವು ಮಹತ್ತಾದ ಕೊಳವೆಗಳನ್ನು ಕಟ್ಟಿ ತನ್ನ ಕೊಳೆಯನ್ನು ನದಿಯ ಕೆಳಭಾಗಕ್ಕೆ, ಸಮುದ್ರದ ಕಡೆಗೆ, ಸಾಗಿಸಿಬಿಟ್ಟಿತು.

ದೊಡ್ಡ ನಗರಕ್ಕೆ ಇದು ಸಾಧ್ಯ. ಸಮುದ್ರವು ದೂರವಿದ್ದು ಬೊಕ್ಕಸವು ಬರಿದಾಗಿರುವ ಸಣ್ಣ ಊರಿನ ಗತಿಯೇನು? ಅದರ ಕೊಳೆ ಹರಿಯುವ ಹೊಳೆಯ ಕೆಳಗಡೆ ಮತ್ತೊಂದು ಊರಿದೆ. ಆ ಊರಿನವರು ಅದೇ ನೀರನ್ನು ಕುಡಿಯುತ್ತಾರೆ. ಕುಡಿಯುವವರು ನ್ಯಾಯಸ್ಥಾನದ ಬಾಗಿಲನ್ನು ತಟ್ಟುತ್ತಾರೆ. ಕೊಳೆಯನ್ನು ದೂರಕ್ಕೆ ತಳ್ಳಲಾರದವನು ಅದನ್ನು ಶುದ್ಧಿಗೊಳಿಸಲೇಬೇಕು. ಈ ಕಾರಣದಿಂದಲೇ ಈ ವಿದ್ಯೆಯ ಹಲವು ಮುಖ್ಯವಾದ ಹೆಜ್ಜೆಗಳು ಭೂಪಟದಲ್ಲಿ ಹುಡುಕಿ ನೋಡಬೇಕಾದ ಊರುಗಳಲ್ಲಿ ಇಡಲ್ಪಟ್ಟವು.

ಬ್ರಿಟಿಷ್ ಸರ್ಕಾರವು ನದಿಗಳ ಮಾಲಿನ್ಯವನ್ನು ಕುರಿತು ವಿಚಾರಣೆ ನಡೆಸಲು 1868ರಲ್ಲಿ ಒಂದು ಆಯೋಗವನ್ನು ನೇಮಿಸಿತು. ಅದರ ಸದಸ್ಯರಲ್ಲೊಬ್ಬನಾದ ಎಡ್ವರ್ಡ್ ಫ್ರಾಂಕ್‌ಲೆಂಡ್ ಎಂಬ ರಸಾಯನಶಾಸ್ತ್ರಜ್ಞನು ಗಾಜಿನ ನಳಿಗೆಗಳಲ್ಲಿ ಮರಳನ್ನೂ ಬಗೆಬಗೆಯ ಮಣ್ಣುಗಳನ್ನೂ ತುಂಬಿ, ಮೇಲಿನಿಂದ ಕೊಳೆನೀರನ್ನು ಹನಿಸಿ ಪರೀಕ್ಷೆಮಾಡಿದನು. ಬಿಡುವಿಲ್ಲದೆ ನೀರು ಹೊಯ್ದರೆ ಮಣ್ಣು ಬೇಗನೆ ಕಟ್ಟಿಹೋಗಿ ನಾರುವುದು. ಹೊಯ್ದು, ಬರಿದಾಗಲು ಬಿಟ್ಟು, ಗಾಳಿಯಾಡಿದ ಮೇಲೆ ಮತ್ತೆ ಹೊಯ್ದರೆ ಕೆಳಗಿನಿಂದ ತಿಳಿಯಾದ ನೀರು ಬರುವುದು. ಎಂದರೆ ಮಣ್ಣಿಗೂ ವಿಶ್ರಾಂತಿ ಬೇಕು. ವೇಲ್ಸ್ ಪ್ರಾಂತದ ಮರ್ಥರ್ ಟಿಡ್‌ಫಿಲ್ ಎಂಬ ಕಬ್ಬಿಣದ ಕಾರ್ಖಾನೆಗಳ ಊರಿನಲ್ಲಿ ಬೈಲಿ ಡೆಂಟನ್ ಎಂಬ ಇಂಜಿನಿಯರು 1871ರಲ್ಲಿ ಇದನ್ನು ಕಾರ್ಯರೂಪಕ್ಕೆ ತಂದನು. ಸುಮಾರು 20 ಎಕರೆ ನೆಲವನ್ನು ನಾಲ್ಕು ಭಾಗಮಾಡಿ, ಒಂದೊಂದು ಭಾಗಕ್ಕೂ ದಿನದಲ್ಲಿ ಆರು ಗಂಟೆ ಕೊಳೆನೀರನ್ನು ಹಾಯಿಸಿ, ಉಳಿದ ಹದಿನೆಂಟು ಗಂಟೆ ವಿರಾಮ ಕೊಟ್ಟನು. ನಮ್ಮ ಹಿತ್ತಿಲಿನ ಬಾಳೆಯ ಮಡಿಯೇ ಇಲ್ಲಿ ಲೆಕ್ಕಾಚಾರದ ವೇಷದಲ್ಲಿ ನಿಂತಿತೆನ್ನಬಹುದು.

ಆದರೆ ಮಣ್ಣಿನೊಳಗೆ ಈ ಕೆಲಸವನ್ನು ಮಾಡುವವರು ಯಾರು? ಫ್ರಾಂಕ್‌ಲೆಂಡನ ಕಾಲದವರು ಅದನ್ನು ಕೇವಲ ರಾಸಾಯನಿಕ ಕ್ರಿಯೆಯೆಂದು, ಗಾಳಿಯಲ್ಲಿರುವ ಆಮ್ಲಜನಕವು ಕೊಳೆಯನ್ನು ನೇರವಾಗಿ ದಹಿಸುವುದೆಂದು ಭಾವಿಸಿದ್ದರು. 1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯುಂಟ್ಸ್ ಎಂಬ ಇಬ್ಬರು ವಿದ್ವಾಂಸರು ಇದನ್ನು ತೀರ್ಮಾನಿಸಿದರು. ಮರಳಿನ ಕಂಬದ ಮೂಲಕ ಕೊಳೆನೀರನ್ನು ನಿಧಾನವಾಗಿ ಇಳಿಸಿದರು. ಸುಮಾರು 20 ದಿನಗಳವರೆಗೆ ಏನೂ ನಡೆಯಲಿಲ್ಲ. ಆಮೇಲೆ ನೀರಿನಲ್ಲಿದ್ದ ಅಮೋನಿಯವು ಮರೆಯಾಗಿ ನೈಟ್ರೇಟು ಉಂಟಾಗತೊಡಗಿತು. ಬರಿಯ ರಾಸಾಯನಿಕ ಕ್ರಿಯೆಯಾಗಿದ್ದರೆ ಈ 20 ದಿನಗಳ ಕಾಯುವಿಕೆ ಏತಕ್ಕೆ? ಅವರು ಕಂಬದೊಳಕ್ಕೆ ಕ್ಲೋರೋಫಾರಂ ಆವಿಯನ್ನು ಹಾಯಿಸಿದರು; ಕೆಲಸವು ನಿಂತುಹೋಯಿತು. ಕ್ಲೋರೋಫಾರಂ ಮರಳನ್ನೇನೂ ಮಾಡಲಾರದು. ಜೀವವುಳ್ಳದ್ದನ್ನು ಮಾತ್ರ ಸ್ತಬ್ಧಗೊಳಿಸಬಲ್ಲದು. ಹೊಸ ಮಣ್ಣನ್ನು ತೊಳೆದ ನೀರನ್ನು ಸ್ವಲ್ಪ ಸುರಿದಾಗ ಕೆಲಸವು ಮತ್ತೆ ಮೊದಲಾಯಿತು. ಕೊಳೆಯನ್ನು ಕಳೆಯತಕ್ಕದ್ದು ಮಣ್ಣಲ್ಲ, ಮಣ್ಣಿನಲ್ಲಿ ಮನೆಮಾಡಿಕೊಂಡಿರುವ ಕಣ್ಣಿಗೆ ಕಾಣದ ಜೀವಗಳು ಎಂಬುದು ಹೀಗೆ ಸ್ಥಿರಪಟ್ಟಿತು.

ಹತ್ತು ವರುಷಗಳ ತರುವಾಯ, 1887ರಲ್ಲಿ, ಅಮೆರಿಕದ ಮ್ಯಾಸಚೂಸೆಟ್ಸ್ ಸಂಸ್ಥಾನದ ಆರೋಗ್ಯ ಮಂಡಲಿಯವರು ಲಾರೆನ್ಸ್ ಎಂಬ ಊರಿನಲ್ಲಿ ಒಂದು ಪ್ರಯೋಗಶಾಲೆಯನ್ನು ತೆರೆದರು. ಅಲ್ಲಿಯ ಒಂದು ಪ್ರಯೋಗದಲ್ಲಿ ಮರಳಿಗೆ ಬದಲಾಗಿ ಜಲ್ಲಿಯ ಕಲ್ಲುಗಳನ್ನು ತುಂಬಿದ್ದರು. ಕಲ್ಲುಗಳ ನಡುವಣ ಸಂದುಗಳಲ್ಲಿ ಎಂತಹ ಕಸವೂ ಜಾರಿಹೋಗಬಹುದಾಗಿತ್ತು. ಆದರೂ ನೀರನ್ನು ಮೆಲ್ಲನೆ ಸ್ವಲ್ಪಸ್ವಲ್ಪವಾಗಿ ಬಿಟ್ಟರೆ ಅದು ಶುದ್ಧವಾಗಿಯೇ ಬಂದಿತು. ಜರಡಿಯಲ್ಲಿ ಸೋಸುವಂತೆ ಸೋಸುವುದು ಇಲ್ಲಿ ಮುಖ್ಯವಲ್ಲ. ಕಲ್ಲಿನ ಮೈಮೇಲೆ ಬೆಳೆಯುವ ಲೋಳೆಯಂಥ ಪದರದಲ್ಲಿ ವಾಸಿಸುವ ಜೀವಗಳಿಗೆ ಉಣ್ಣಲು ಆಹಾರವನ್ನೂ ಉಸಿರಾಡಲು ಗಾಳಿಯನ್ನೂ ಹದವರಿತು ಒದಗಿಸುವುದೇ ಮುಖ್ಯ. ಈ ತತ್ವದ ಮೇಲೆ ಲಂಡನ್ನಿನ ಪೌರಾಡಳಿತದ ರಸಾಯನಶಾಸ್ತ್ರಜ್ಞನಾಗಿದ್ದ ಡಿಬ್ಡಿನ್ ಎಂಬಾತನು 1896ರಲ್ಲಿ ಸರ್ರೆ ಜಿಲ್ಲೆಯ ಸಟನ್ ಎಂಬ ಸಣ್ಣ ಪಟ್ಟಣದಲ್ಲಿ, ನೀರನ್ನು ತುಂಬಿ, ಕೆಲವು ಗಂಟೆ ನಿಲ್ಲಿಸಿ, ಬರಿದುಮಾಡಿ, ವಿರಾಮ ಕೊಡತಕ್ಕ ತೊಟ್ಟಿಗಳನ್ನು ಕಟ್ಟಿಸಿದನು. ಸಾಲ್‌ಫರ್ಡಿನ ಕಾರ್ಬೆಟ್ ಎಂಬ ಇಂಜಿನಿಯರು ಕಲ್ಲಿನ ಹಾಸಿನ ಮೇಲೆ ಕೊಳೆನೀರನ್ನು ತುಂತುರಾಗಿ ಚಿಮುಕಿಸುವ ಕ್ರಮವನ್ನು 1893ರಿಂದ ಪರೀಕ್ಷಿಸುತ್ತಿದ್ದನು. ಮೇಲೆ ತಿರುಗುವ ಚಾಚುಕೊಳವೆಗಳುಳ್ಳ ದುಂಡನೆಯ ಕಲ್ಲುಹಾಸುಗಳು ಮುಂದೆ ಇಂಗ್ಲೆಂಡಿನ ಸಣ್ಣ ಊರುಗಳ ಅಂಚಿನಲ್ಲಿ ಸಾಮಾನ್ಯ ದೃಶ್ಯವಾದವು.

ಇದು ಗಾಳಿಯಲ್ಲಿ ಬಾಳುವ ಜೀವಗಳ ಕಥೆ. ಗಾಳಿಯಿಲ್ಲದ ಕತ್ತಲೆಯಲ್ಲಿ ಬಾಳುವ ಜೀವಗಳ ಕಥೆ ಬೇರೆ ಕಡೆ ಮೊದಲಾಯಿತು. ಫ್ರಾನ್ಸಿನ ವೆಸೂಲ್ ಎಂಬ ಊರಿನಲ್ಲಿ ಜಾನ್ ಲೂಯಿ ಮೂರಾಸ್ ಎಂಬ ಗೃಹಸ್ಥನಿದ್ದನು. ಆತನು 1860ರ ಸುಮಾರಿನಲ್ಲಿ ತನ್ನ ಮನೆಯ ಕೊಳೆನೀರು ಬಂದು ಬೀಳುವಂತೆ ಗಾರೆಕಲ್ಲಿನ ಒಂದು ಮುಚ್ಚಿದ ತೊಟ್ಟಿಯನ್ನು ಕಟ್ಟಿಸಿ, ಹೆಚ್ಚಾದ ನೀರು ಹೊರಕ್ಕೆ ಹರಿಯುವಂತೆ ಏರ್ಪಡಿಸಿದನು. ಹತ್ತು ಹನ್ನೆರಡು ವರುಷಗಳಾದ ಮೇಲೆ ಮುಚ್ಚಳವನ್ನು ತೆಗೆಸಿ ನೋಡಿದರೆ, ಗಟ್ಟಿಯಾದ ಮಲದಿಂದ ಕಂಠದವರೆಗೆ ತುಂಬಿರಬೇಕಾದ ತೊಟ್ಟಿಯಲ್ಲಿ ಬಹುಮಟ್ಟಿಗೆ ನೀರೂ ಅದರ ಮೇಲೊಂದು ತೆಳುವಾದ ಕೆನೆಯೂ ಮಾತ್ರವೇ ಇದ್ದವು. ಉಳಿದುದೆಲ್ಲ ಎಲ್ಲಿ ಹೋಯಿತು? ಅಬೆ ಮುವಾನ್ಯೋ ಎಂಬ ಪಾದ್ರಿಯ ನೆರವಿನಿಂದ ಮೂರಾಸನು ಇದನ್ನು ವಿವೇಚಿಸಿ, 1881ರಲ್ಲಿ ತನ್ನ ತೊಟ್ಟಿಗೆ ಪೇಟೆಂಟನ್ನು ಪಡೆದನು.

ಇಂಗ್ಲೆಂಡಿನ ಎಕ್ಸೆಟರ್ ಪಟ್ಟಣದ ಸರ್ವೇಯರಾಗಿದ್ದ ಡೊನಾಲ್ಡ್ ಕ್ಯಾಮರನ್ 1895-96ರಲ್ಲಿ ಇಂತಹುದೇ ತೊಟ್ಟಿಯನ್ನು ಒಂದು ಮನೆಗಲ್ಲದೆ ಒಂದು ಬಡಾವಣೆಗೆ ಕಟ್ಟಿದನು; ಸುಮಾರು 1,500 ಜನರ ಕೊಳೆನೀರು ಅದರೊಳಕ್ಕೆ ಬರುತ್ತಿತ್ತು. ಆತನು ಅದಕ್ಕೆ ಸೆಪ್ಟಿಕ್ ಟ್ಯಾಂಕ್ ಎಂದು ಹೆಸರಿಟ್ಟನು. ಕೊಳೆಯಿಸುವ ತೊಟ್ಟಿ ಎಂಬುದು ಅದರ ಅರ್ಥ. ಈ ದಿನ ಕನ್ನಡನಾಡಿನ ಯಾವ ಗಾರೆಕೆಲಸದವನನ್ನು ಕೇಳಿದರೂ ಆ ಹೆಸರು ಅವನ ಬಾಯಲ್ಲಿದೆ. ಅದರ ಕೆಲಸ ಸರಳವಾದುದು. ನೀರು ಸುಮಾರು ಒಂದು ದಿನ ತೊಟ್ಟಿಯಲ್ಲಿ ನಿಲ್ಲುತ್ತದೆ. ಭಾರವಾದುದು ತಳಕ್ಕಿಳಿದು ಮಡ್ಡಿಯಾಗುತ್ತದೆ. ಹಗುರವಾದುದು ಮೇಲಕ್ಕೆ ತೇಲಿ ಕೆನೆಗಟ್ಟುತ್ತದೆ. ನಡುವಣ ನೀರು ಹೊರಕ್ಕೆ ಹರಿಯುತ್ತದೆ. ತಳದ ಮಡ್ಡಿಯನ್ನು ಕತ್ತಲೆಯ ಜೀವಗಳು ಮೆಲ್ಲಮೆಲ್ಲನೆ ಜೀರ್ಣಿಸಿಕೊಂಡು ಉರಿಯತಕ್ಕ ಅನಿಲವನ್ನು ಬಿಡುತ್ತವೆ. ಎಕ್ಸೆಟರಿನಲ್ಲಿ ಈ ಅನಿಲದಿಂದ ದೀಪವನ್ನು ಹೊತ್ತಿಸಿದರು. ನಮ್ಮ ದೇಶವೂ ಇದರಲ್ಲಿ ಹಿಂದೆ ಬೀಳಲಿಲ್ಲ. ಮುಂಬಯಿಯ ಮಾಟುಂಗದಲ್ಲಿದ್ದ ಕುಷ್ಠರೋಗಿಗಳ ಆಶ್ರಮದಲ್ಲಿ 1897ರಲ್ಲಿಯೇ ತೊಟ್ಟಿಗಳಿಂದ ಅನಿಲವನ್ನು ಹಿಡಿದು ಬಳಸಿಕೊಂಡರು. ಸಮಾಜವು ದೂರವಿಟ್ಟಿದ್ದ ಒಂದು ಸಣ್ಣ ಸಮುದಾಯವು ಸಮಾಜವು ದೂರವಿಟ್ಟಿದ್ದ ವಸ್ತುವಿನಿಂದಲೇ ಬೆಳಕನ್ನು ಪಡೆದ ಈ ಪ್ರಸಂಗವು ನಮ್ಮ ಪಠ್ಯಪುಸ್ತಕಗಳಲ್ಲಿ ಸ್ಥಾನ ಪಡೆಯಲು ಯೋಗ್ಯವಾದುದು.

ಕ್ಯಾಮರನ್ನನ ಪೇಟೆಂಟಿನಿಂದ ಒಂದು ವಿಚಿತ್ರವಾದ ವ್ಯಾಜ್ಯವೂ ಹುಟ್ಟಿತು. ಅವನ ಹಕ್ಕುಗಳನ್ನು ಹೊಂದಿದ್ದ ಕಂಪನಿಯು ಅಮೆರಿಕದಲ್ಲಿ ಸೆಪ್ಟಿಕ್ ಟ್ಯಾಂಕುಗಳನ್ನು ಕಟ್ಟಿಕೊಂಡಿದ್ದ ಊರುಗಳಿಂದ ರಾಜಧನವನ್ನು ಕೇಳಿತು. ನ್ಯೂಯಾರ್ಕ್ ಸಂಸ್ಥಾನದ ಸಾರಟೋಗ ಸ್ಪ್ರಿಂಗ್ಸ್ ಎಂಬ ಗ್ರಾಮವು ಪ್ರತಿಭಟಿಸಿತು. ಕೊಳೆಯುವುದು ಪ್ರಕೃತಿಯ ಕಾರ್ಯ; ಸೃಷ್ಟಿಯಾದಂದಿನಿಂದ ನಡೆದುಬಂದ ಕಾರ್ಯಕ್ಕೆ ಮನುಷ್ಯನು ಹೇಗೆ ಒಡೆಯನಾದಾನು ಎಂಬ ಪ್ರಶ್ನೆಯು ನ್ಯಾಯಾಲಯದ ಮುಂದೆ ಬಂದಿತು. 1908ರಲ್ಲಿ ಮೇಲ್ಮನವಿಯ ನ್ಯಾಯಾಲಯವು ಕಂಪನಿಯ ಪಕ್ಷವನ್ನೇ ಎತ್ತಿಹಿಡಿಯಿತು; ಪ್ರಕೃತಿಯ ಶಕ್ತಿಯನ್ನು ಒಂದು ಕ್ರಮದಲ್ಲಿ ಬಳಸುವ ವಿಧಾನಕ್ಕೆ ಪೇಟೆಂಟು ಸಲ್ಲುವುದೆಂದಿತು. ಊರುಗಳು ಗಾಬರಿಗೊಂಡವು. ಕೊನೆಗೆ 1913ರಲ್ಲಿ, ನಾಕ್ಸ್‌ವಿಲ್ ನಗರದ ಮೊಕದ್ದಮೆಯಲ್ಲಿ, ಅಲ್ಲಿಯ ಸರ್ವೋಚ್ಚ ನ್ಯಾಯಾಲಯವು ಇಂಗ್ಲೆಂಡಿನ ಮೂಲ ಪೇಟೆಂಟಿನ ಅವಧಿಯೊಡನೆ ಅಮೆರಿಕದ ಪೇಟೆಂಟೂ ಮುಗಿದುಹೋಯಿತೆಂದು ತೀರ್ಪಿತ್ತಿತು.

ಈ ವ್ಯಾಜ್ಯದ ಗದ್ದಲದಲ್ಲಿ ಮತ್ತೊಂದು ಸತ್ಯವು ಜನರ ಗಮನಕ್ಕೆ ಸಾಕಷ್ಟು ಬೀಳಲಿಲ್ಲ. ಸೆಪ್ಟಿಕ್ ಟ್ಯಾಂಕಿನಲ್ಲಿ ಮಡ್ಡಿಯೆಲ್ಲವೂ ಕರಗಿಹೋಗುವುದೆಂದು ಮೊದಲಲ್ಲಿ ಸಾರಲಾಗಿತ್ತು. ಮೂರಾಸನ ತೊಟ್ಟಿಯ ಕಥೆಯೂ ಈ ಆಸೆಯನ್ನು ಬೆಳೆಸಿತು. ಆದರೆ ಅನುಭವದಲ್ಲಿ ಕಂಡುಬಂದುದು ಬೇರೆ. ಕರಗುವುದು ಒಂದು ಭಾಗ ಮಾತ್ರ. ಉಳಿದುದು ವರುಷ ವರುಷಕ್ಕೂ ತಳದಲ್ಲಿ ಸೇರುತ್ತ ಬರುತ್ತದೆ. ಅದನ್ನು ಕಾಲಕಾಲಕ್ಕೆ ತೆಗೆಯದಿದ್ದರೆ ತೊಟ್ಟಿಯು ತೊಟ್ಟಿಯಾಗಿ ಉಳಿಯದೆ ಕೊಳೆಯು ಹಾದುಹೋಗುವ ದಾರಿಯಷ್ಟೇ ಆಗುತ್ತದೆ. ಹೊರಬರುವ ನೀರೂ ಶುದ್ಧವಾದುದಲ್ಲ. ಅದಕ್ಕೆ ಮತ್ತೆ ಮಣ್ಣಿನ ಅಥವಾ ಕಲ್ಲುಹಾಸಿನ ಸಂಸ್ಕಾರವಾಗಬೇಕು. ಬ್ರಿಟನ್ನಿನಲ್ಲಿ 1898ರಿಂದ 1915ರವರೆಗೆ ಕೆಲಸಮಾಡಿದ ರಾಜಕೀಯ ಆಯೋಗವು ಈ ಎಲ್ಲ ವಿಧಾನಗಳನ್ನೂ ತಾಳ್ಮೆಯಿಂದ ಪರೀಕ್ಷಿಸಿತು. ಅದು 1912ರಲ್ಲಿ ಒಂದು ಮಟ್ಟವನ್ನು ಗೊತ್ತುಮಾಡಿತು. ಶುದ್ಧಿಗೊಂಡ ನೀರು ಕೊನೆಯಪಕ್ಷ ಎಂಟರಷ್ಟು ನದಿಯ ನೀರಿನಲ್ಲಿ ಬೆರೆಯುವುದಾದರೆ, ಅದರ ಒಂದು ಲೀಟರಿನಲ್ಲಿ ತೇಲುವ ಕಲ್ಮಷವು 30 ಮಿಲಿಗ್ರಾಮನ್ನೂ, ಐದು ದಿನಗಳಲ್ಲಿ ಅದು ಹೀರುವ ಆಮ್ಲಜನಕವು 20 ಮಿಲಿಗ್ರಾಮನ್ನೂ ಮೀರಕೂಡದು. ಈ ಎರಡು ಅಂಕಿಗಳು ಲೋಕದ ಅನೇಕ ದೇಶಗಳ ಕಾನೂನುಗಳಲ್ಲಿ ಬಹುಕಾಲ ನೆಲೆಸಿದವು. ನೀರು ಕಣ್ಣಿಗೆ ತಿಳಿಯಾಗಿ ಕಂಡರೆ ಸಾಲದು, ಅದರೊಳಗೆ ಉಳಿದಿರುವ ಹಸಿವನ್ನೂ ಅಳೆಯಬೇಕು ಎಂಬುದು ಇದರ ತಾತ್ಪರ್ಯ.

ಇಲ್ಲಿಂದ ಮುಂದಿನ ಹೆಜ್ಜೆಯು ನಮ್ಮನ್ನು ಬೆಂಗಳೂರಿನ ಹತ್ತಿರಕ್ಕೆ ಕರೆತರುತ್ತದೆ. ಗಿಲ್ಬರ್ಟ್ ಫೌಲರ್ ಎಂಬ ರಸಾಯನಶಾಸ್ತ್ರಜ್ಞನು ಮ್ಯಾಂಚೆಸ್ಟರ್ ನಗರಸಭೆಗೆ ಸಲಹೆಗಾರನಾಗಿದ್ದನು. ಆತನು 1912ರಲ್ಲಿ ಅಮೆರಿಕಕ್ಕೆ ಹೋಗಿದ್ದಾಗ ಲಾರೆನ್ಸಿನ ಪ್ರಯೋಗಶಾಲೆಯಲ್ಲಿ, ಸೀಸೆಗಳಲ್ಲಿಟ್ಟ ಕೊಳೆನೀರಿಗೆ ಗಾಳಿಯನ್ನು ಊದಿ ಶುದ್ಧಿಗೊಳಿಸುವ ಪ್ರಯೋಗವನ್ನು ಕಂಡನು. ಮರಳಿ ಬಂದು ಆರ್ಡರ್ನ್ ಮತ್ತು ಲಾಕೆಟ್ ಎಂಬ ಇಬ್ಬರಿಗೆ ಅಂತಹ ಪ್ರಯೋಗವನ್ನು ನಡೆಸಲು ಸೂಚಿಸಿದನು. ಅವರು ಪಾಚಿ ಬೆಳೆಯದಂತೆ ಸೀಸೆಗಳಿಗೆ ಕಂದುಬಣ್ಣದ ಕಾಗದವನ್ನು ಸುತ್ತಿ ಗಾಳಿಯನ್ನು ಊದಿದರು. ಮೊದಲನೆಯ ಸಲ ನೀರು ಪೂರ್ಣವಾಗಿ ಶುದ್ಧವಾಗಲು ಸುಮಾರು ಐದು ವಾರಗಳು ಹಿಡಿದವು. ಯಾವ ಊರು ತನ್ನ ಕೊಳೆಯನ್ನು ಐದು ವಾರ ಇಟ್ಟುಕೊಂಡು ಕುಳಿತೀತು? ಅವರು ತಿಳಿನೀರನ್ನು ಚೆಲ್ಲಿ, ತಳದಲ್ಲಿ ಕುಳಿತ ಮಡ್ಡಿಯನ್ನು ಮಾತ್ರ ಉಳಿಸಿಕೊಂಡು, ಹೊಸ ಕೊಳೆನೀರನ್ನು ಸುರಿದು ಮತ್ತೆ ಊದಿದರು. ಹೀಗೆ ಮತ್ತೆ ಮತ್ತೆ ಮಾಡಿದಂತೆ ಬೇಕಾಗುವ ಕಾಲವು ಇಳಿಯುತ್ತ ಬಂದು, ಒಂದು ದಿನಕ್ಕೂ ಬಳಿಕ ಕೆಲವು ಗಂಟೆಗಳಿಗೂ ಇಳಿಯಿತು. ಹೆಪ್ಪನ್ನು ಉಳಿಸಿಕೊಂಡು ಮರುದಿನದ ಹಾಲಿಗೆ ಹಾಕುವ ನಮ್ಮ ಗೃಹಿಣಿಯರಿಗೆ ಇದರ ಮರ್ಮವನ್ನು ವಿವರಿಸಬೇಕಾದುದಿಲ್ಲ. 1914ರ ಏಪ್ರಿಲ್ 3ರಂದು ಅವರು ಮ್ಯಾಂಚೆಸ್ಟರಿನ ವಿದ್ವತ್ಸಭೆಯಲ್ಲಿ ಇದನ್ನು ಓದಿದರು. ಚೇತನಗೊಂಡ ಮಡ್ಡಿಯ ವಿಧಾನವೆಂದು ಪ್ರಸಿದ್ಧವಾದುದು ಇದೇ. ಲೋಕದ ದೊಡ್ಡ ನಗರಗಳಲ್ಲಿ ಹೆಚ್ಚಿನವು ಇದನ್ನು ಒಂದಲ್ಲ ಒಂದು ರೂಪದಲ್ಲಿ ಅನುಸರಿಸಿದವು.

ಫೌಲರನು 1916ರಲ್ಲಿ ಬೆಂಗಳೂರಿನ ಭಾರತೀಯ ವಿಜ್ಞಾನ ಮಂದಿರಕ್ಕೆ ಪ್ರಾಧ್ಯಾಪಕನಾಗಿ ಬಂದನು. ಕೊಳೆಯಲ್ಲಿರುವ ಸಾರಜನಕವು ಹೊಲಕ್ಕೆ ಮರಳಬೇಕೆಂಬುದು ಆತನ ಮುಖ್ಯ ಆಸಕ್ತಿಗಳಲ್ಲೊಂದಾಗಿತ್ತು. ಆತನು ಹೋದ ಮೇಲೆಯೂ ಈ ಸಂಶೋಧನೆಯು ಇಲ್ಲಿ ನಿಲ್ಲಲಿಲ್ಲ. ಚೇತನಗೊಂಡ ಮಡ್ಡಿಯಲ್ಲಿ ಬ್ಯಾಕ್ಟೀರಿಯಗಳಲ್ಲದೆ ಅವುಗಳಿಗಿಂತ ದೊಡ್ಡವಾದ ಏಕಕೋಶ ಪ್ರಾಣಿಗಳೂ ನೀರನ್ನು ತಿಳಿಗೊಳಿಸುವುದರಲ್ಲಿ ಪಾಲುಗೊಳ್ಳುತ್ತವೆಂದು ಪಿಳ್ಳೆ ಮತ್ತು ಸುಬ್ರಹ್ಮಣ್ಯನ್ ಎಂಬ ಬೆಂಗಳೂರಿನ ವಿಜ್ಞಾನಿಗಳು 1942ರಲ್ಲಿ ಇಂಗ್ಲೆಂಡಿನ ನೇಚರ್ ಪತ್ರಿಕೆಯಲ್ಲಿ ಪ್ರಕಟಿಸಿದರು. 1968ರಲ್ಲಿ ಇಂಗ್ಲೆಂಡಿನಲ್ಲಿ ನಡೆದ ಪ್ರಯೋಗಗಳೂ ಈ ಪ್ರಾಣಿಗಳಿದ್ದರೆ ನೀರು ಬಹಳ ಹೆಚ್ಚಾಗಿ ತಿಳಿಯಾಗುವುದೆಂದು ತೋರಿಸಿದವು.

ಆದರೆ ಗಾಳಿಯನ್ನು ಊದುವುದಕ್ಕೆ ಯಂತ್ರ ಬೇಕು. ಯಂತ್ರಕ್ಕೆ ವಿದ್ಯುತ್ತೂ ಬಲ್ಲವನೂ ಬೇಕು. ಕೊಳವೆಯ ಚರಂಡಿಯೇ ಇಲ್ಲದ ಸಣ್ಣ ಪುರಸಭೆಗೆ ಅದರಿಂದೇನು ಪ್ರಯೋಜನ? ಇಂತಹ ಊರುಗಳಿಗೆ ವಿಜ್ಞಾನ ಮಂದಿರದಿಂದಲೇ ಮತ್ತೊಂದು ಉಪಾಯವು ಹೊರಟಿತು. 1939ರಲ್ಲಿ ಸಿ. ಎನ್. ಆಚಾರ್ಯ ಎಂಬ ವಿಜ್ಞಾನಿಯು ಊರಿನ ಕಸವನ್ನೂ ಮಲವನ್ನೂ ಸೇರಿಸಿ ಗೊಬ್ಬರ ಮಾಡುವ ಕ್ರಮವನ್ನು ರೂಪಿಸಿದರು. ಅದು ಬೆಂಗಳೂರು ವಿಧಾನವೆಂದೇ ಪುಸ್ತಕಗಳಲ್ಲಿ ಹೆಸರಾಗಿದೆ. ಸುಮಾರು ಮೂರು ಅಡಿ ಆಳದ ಕಂದಕದಲ್ಲಿ ಮೊದಲು ಕಸದ ಪದರ, ಅದರ ಮೇಲೆ ತೆಳುವಾಗಿ ಮಲದ ಪದರ, ಮತ್ತೆ ಕಸ, ಹೀಗೆ ನೆಲಕ್ಕಿಂತ ಒಂದು ಅಡಿ ಎತ್ತರದವರೆಗೆ ತುಂಬಿ ಮಣ್ಣಿನಿಂದ ಮುಚ್ಚುವುದು. ಒಂದು ವಾರದೊಳಗೆ ಒಳಗಿನ ಶಾಖವು ಸುಮಾರು 60 ಡಿಗ್ರಿಗೆ ಏರಿ ನೊಣದ ಮರಿಗಳೂ ರೋಗಬೀಜಗಳೂ ನಾಶವಾಗುತ್ತವೆ. ನಾಲ್ಕರಿಂದ ಆರು ತಿಂಗಳಿಗೆ ವಾಸನೆಯಿಲ್ಲದ ಗೊಬ್ಬರ ಸಿದ್ಧವಾಗುತ್ತದೆ. ಯಂತ್ರವಿಲ್ಲ, ವಿದ್ಯುತ್ತಿಲ್ಲ.

ಆದರೆ ಇಲ್ಲಿ ನಾವು ನಿಂತು ಆಲೋಚಿಸಬೇಕು. ಆ ಮಲವನ್ನು ಮನೆಯಿಂದ ಕಂದಕಕ್ಕೆ ತಂದವರು ಯಾರು? ವಿಜ್ಞಾನದ ಬರಹಗಳಲ್ಲಿ ಪದರಗಳ ದಪ್ಪವೂ ಶಾಖದ ಡಿಗ್ರಿಗಳೂ ಇವೆ. ಹೊತ್ತವರ ತಲೆ ಇಲ್ಲ. ಹುಟ್ಟಿದ ಜಾತಿಯೊಂದೇ ಕಾರಣವಾಗಿ ಕೆಲವರು ತಲೆಮಾರುಗಳಿಂದ ಈ ಹೊರೆಯನ್ನು ತಲೆಯ ಮೇಲೆ ಹೊತ್ತರು. ನೂರಾರು ಊರುಗಳ ಚೊಕ್ಕಟವು ಅವರ ಅವಮಾನದ ಮೇಲೆ ನಿಂತಿತ್ತು. 1970ರ ದಶಕದ ಆರಂಭದಲ್ಲಿ ಸಚಿವರಾಗಿದ್ದ ಬಿ. ಬಸವಲಿಂಗಪ್ಪನವರು ನಮ್ಮ ರಾಜ್ಯದಲ್ಲಿ ತಲೆಯ ಮೇಲೆ ಮಲ ಹೊರುವ ಪದ್ಧತಿಯನ್ನು ನಿಷೇಧಿಸಿದರು. ಕೋಲಾರದ ಚಿನ್ನದ ಗಣಿಯ ಪ್ರದೇಶದಲ್ಲಿ ಹುಟ್ಟಿ ಈ ಬಾಳನ್ನು ಕಣ್ಣಾರೆ ಕಂಡ ಬೆಜವಾಡ ವಿಲ್ಸನ್ನರು ಅದರ ವಿರುದ್ಧ ದೇಶವ್ಯಾಪಿಯಾದ ಆಂದೋಲನವನ್ನು ಕಟ್ಟಿ, 2016ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿಯನ್ನು ಪಡೆದರು. ಪಾರ್ಲಿಮೆಂಟು 1993ರಲ್ಲಿ ಒಂದು ಕಾಯಿದೆಯನ್ನೂ 2013ರಲ್ಲಿ ಅದಕ್ಕಿಂತ ಬಲವಾದ ಮತ್ತೊಂದನ್ನೂ ಮಾಡಿತು.

ಎರಡನೆಯ ಕಾಯಿದೆ ಏಕೆ ಬೇಕಾಯಿತೆಂಬುದೇ ನಮ್ಮ ಕಥೆಯ ಮುಖ್ಯಾಂಶ. ತಲೆಯ ಹೊರೆ ಇಳಿದ ಮೇಲೆ ಮನೆಮನೆಗೂ ಗುಂಡಿಗಳು ಬಂದವು. ಮನೆಯವರು ಅದನ್ನು ಸೆಪ್ಟಿಕ್ ಟ್ಯಾಂಕೆಂದು ಕರೆದರು. ವಾಸ್ತವವಾಗಿ ಅನೇಕ ಕಡೆ ಅದು ತಳಕ್ಕೆ ಗಾರೆಯಿಲ್ಲದ, ಉಂಗುರಗಳನ್ನು ಇಳಿಸಿದ ಗುಂಡಿಯಷ್ಟೆ. ಅದರ ನೀರು ನೆಲಕ್ಕಿಂಗಿ ನೆರೆಯ ಬಾವಿಯನ್ನು ಸೇರಿದರೂ ಕಾಣದು. ಕ್ಯಾಮರನ್ನನ ತೊಟ್ಟಿಯ ಹೆಸರು ನಮಗೆ ಬಂದಿತು. ಆ ತೊಟ್ಟಿಯ ಬಳಿಕ ಇರಬೇಕಾದ ಕಲ್ಲುಹಾಸು ಬರಲಿಲ್ಲ. ತಳದ ಮಡ್ಡಿಯನ್ನು ತೆಗೆಯುವ ಕ್ರಮವೂ ಬರಲಿಲ್ಲ. ಗುಂಡಿ ತುಂಬಿದಾಗ ಯಾವನನ್ನೋ ಕರೆದು ಒಳಕ್ಕಿಳಿಸಿದರು. ಎಕ್ಸೆಟರಿನಲ್ಲಿ ದೀಪ ಹೊತ್ತಿಸಿದ ಕತ್ತಲೆಯ ಜೀವಗಳು ಮುಚ್ಚಿದ ಗುಂಡಿಯಲ್ಲಿ ವಿಷವಾಯುವನ್ನೂ ಹುಟ್ಟಿಸುತ್ತವೆ. ಇಳಿದವನು ಎರಡು ಉಸಿರಿನಲ್ಲಿ ಕುಸಿಯುತ್ತಾನೆ. ಅವನನ್ನು ಎತ್ತಲು ಇಳಿದವನೂ ಕುಸಿಯುತ್ತಾನೆ. ಚರಂಡಿಯಲ್ಲಿ ಮೃತರಾದವರ ಕುಟುಂಬಕ್ಕೆ ಹತ್ತು ಲಕ್ಷ ರೂಪಾಯಿ ಪರಿಹಾರವನ್ನು ಕೊಡಬೇಕೆಂದು ಸರ್ವೋಚ್ಚ ನ್ಯಾಯಾಲಯವು 2014ರಲ್ಲಿ ಆಜ್ಞಾಪಿಸಿತು. 2023ರಲ್ಲಿ ಅದನ್ನು ಮೂವತ್ತು ಲಕ್ಷಕ್ಕೆ ಏರಿಸಿತು. ಪರಿಹಾರದ ಮೊತ್ತವನ್ನು ಏರಿಸಬೇಕಾಗಿ ಬಂದುದೇ ಸಾವು ನಿಲ್ಲಲಿಲ್ಲವೆಂಬುದಕ್ಕೆ ಸಾಕ್ಷಿ.

ಹಾಗಾದರೆ ಸಣ್ಣ ಊರಿಗೆ ದಾರಿಯೇ ಇಲ್ಲವೆ? ಇದೆಯೆಂಬುದಕ್ಕೆ ನಮ್ಮ ನಾಡಿನಲ್ಲಿಯೇ ಒಂದು ನಿದರ್ಶನವಿದೆ. ಟಿಪ್ಪುವಿನ ಜನ್ಮಸ್ಥಳವೆಂದು ನಾವೆಲ್ಲರೂ ಓದಿರುವ ದೇವನಹಳ್ಳಿಯು 2011ರ ಜನಗಣತಿಯಲ್ಲಿ ಸುಮಾರು 28,000 ಜನರಿದ್ದ ಪಟ್ಟಣ. ಒಳಚರಂಡಿಯನ್ನು ಆಶ್ರಯಿಸಿರದೆ ಮನೆಗಳೆಲ್ಲ ಗುಂಡಿಗಳನ್ನೇ ನಂಬಿದ್ದ ಈ ಊರಿನಲ್ಲಿ 2015ರಲ್ಲಿ, ಗುಂಡಿಗಳ ಮಡ್ಡಿಗಾಗಿಯೇ ಒಂದು ಶುದ್ಧೀಕರಣ ಸ್ಥಾವರವನ್ನು ತೆರೆದರು. ಭಾರತದಲ್ಲಿ ಇಂತಹ ಪ್ರತ್ಯೇಕ ಸ್ಥಾವರಗಳಲ್ಲಿ ಇದೇ ಮೊದಲನೆಯದೆಂದು ಪ್ರಸಿದ್ಧವಾಗಿದೆ. ದಿನಕ್ಕೆ ಆರು ಘನಮೀಟರು, ಎಂದರೆ 6,000 ಲೀಟರು, ಮಡ್ಡಿಯನ್ನು ಶುದ್ಧಿಗೊಳಿಸಲು ಅದನ್ನು ರಚಿಸಲಾಯಿತು.

ಅದರ ಕ್ರಮವನ್ನು ನೋಡಿದರೆ ನಾವು ಈವರೆಗೆ ಹೇಳಿದ ಇತಿಹಾಸವೆಲ್ಲ ಒಂದು ಅಂಗಳದಲ್ಲಿ ಸಾಲಾಗಿ ನಿಂತಂತೆ ತೋರುತ್ತದೆ. ಸಕ್ಕಿಂಗ್ ಲಾರಿಯು ಮನೆಯ ಗುಂಡಿಯಿಂದ ಮಡ್ಡಿಯನ್ನು ಹೀರಿ ತರುತ್ತದೆ, ಮನುಷ್ಯನು ಒಳಕ್ಕಿಳಿಯಬೇಕಾದುದಿಲ್ಲ. ಮೊದಲು ಮಡ್ಡಿಯು ಮುಚ್ಚಿದ ತೊಟ್ಟಿಗಳಲ್ಲಿ ಜೀರ್ಣವಾಗುತ್ತದೆ. ಇದು ಮೂರಾಸನ, ಕ್ಯಾಮರನ್ನನ ಪಾಠ. ಬಳಿಕ ಒಣಗಿಸುವ ಹಾಸುಗಳಲ್ಲಿ ಅದರ ನೀರು ಬಸಿದು ಮಡ್ಡಿಯು ಒಣಗುತ್ತದೆ. ಬಸಿದ ನೀರು ಜಲ್ಲಿಯ ನಡುವೆ ಗಿಡಗಳನ್ನು ನೆಟ್ಟ ಹಾಸಿನ ಮೂಲಕ ಹಾಯುತ್ತದೆ. ಇದು ಲಾರೆನ್ಸಿನ ಪಾಠ, ನಮ್ಮ ಹಿತ್ತಿಲಿನ ಪಾಠವೂ ಹೌದು. ಒಣಗಿದ ಮಡ್ಡಿಯನ್ನು ಊರಿನ ಹಸಿಕಸದೊಡನೆ ಸೇರಿಸಿ ಗೊಬ್ಬರ ಮಾಡುತ್ತಾರೆ; ಇದು ಆಚಾರ್ಯರ ಪಾಠ. ನೆಲದ ಇಳಿಜಾರನ್ನೇ ನಂಬಿ, ವಿದ್ಯುತ್ತಿನ ಹಂಗಿಲ್ಲದೆ ನಡೆಯುವಂತೆ ಇದನ್ನು ಕಟ್ಟಿದರು. 2017ರಲ್ಲಿ ಕೇಂದ್ರ ಸರ್ಕಾರವು ಮಲದ ಮಡ್ಡಿಯ ನಿರ್ವಹಣೆಯನ್ನು ಕುರಿತು ಒಂದು ರಾಷ್ಟ್ರೀಯ ನೀತಿಯನ್ನು ಘೋಷಿಸಿತು. ಇಂತಹ ಸ್ಥಾವರಗಳು ಅನಂತರ ದೇಶದ ಅನೇಕ ಸಣ್ಣ ಊರುಗಳಲ್ಲಿ ಏಳತೊಡಗಿದವು.

ಈ ನಿರೂಪಣೆಯಿಂದ ನಾವು ಗ್ರಹಿಸಬೇಕಾದುದೇನು? ವಿದ್ಯೆಯ ಕೊರತೆಯಿಂದ ಸಣ್ಣ ಊರುಗಳು ಕೊಳೆತಿಲ್ಲ. ಬೇಕಾದ ತತ್ವಗಳು 1877ರಿಂದ ಒಂದೊಂದಾಗಿ ಹೊರಬಿದ್ದು, ನೂರು ವರುಷಗಳಿಗೂ ಮಿಗಿಲಾಗಿ ನಮ್ಮ ಕೈಯಲ್ಲಿವೆ. ಅವುಗಳಲ್ಲಿ ಕೆಲವು ನಮ್ಮ ನಾಡಿನಲ್ಲಿಯೇ ಬೆಳೆದವು. ಶುದ್ಧಿಗೊಳಿಸುವ ಕೆಲಸವನ್ನು ಕಾಣದ ಜೀವಗಳು ಕೂಲಿಯಿಲ್ಲದೆ ಮಾಡುತ್ತವೆ. ಮನುಷ್ಯನ ಪಾಲಿಗೆ ಉಳಿದಿರುವುದು ಸ್ವಲ್ಪವೇ. ಅವುಗಳಿಗೆ ತಕ್ಕ ಸ್ಥಳವನ್ನು ಏರ್ಪಡಿಸುವುದು, ಉಳಿದ ಮಡ್ಡಿಯನ್ನು ಕಾಲಕ್ಕೆ ಸರಿಯಾಗಿ ತೆಗೆಯುವುದು, ತೆಗೆದುದನ್ನು ಹೊಲಕ್ಕೆ ಯೋಗ್ಯವಾಗುವಂತೆ ಮಾಡುವುದು. ಈ ಸ್ವಲ್ಪವನ್ನು ನಾವು ಮಾಡದಿದ್ದಾಗಲೆಲ್ಲ ಅದರ ಭಾರವು ಯಾವನೋ ಒಬ್ಬ ಬಡವನ ಮೇಲೆ ಬಿದ್ದಿದೆ.

ಆದಕಾರಣ ವಿದ್ಯಾವಂತರಾದ ಪೌರರು ತಮ್ಮ ಊರಿನ ಪುರಸಭೆಯನ್ನು ಮೂರು ಪ್ರಶ್ನೆಗಳನ್ನು ಕೇಳುವುದು ಉಚಿತವೆಂದು ನಮಗೆ ತೋರುತ್ತದೆ. ಊರಿನಲ್ಲಿ ಎಷ್ಟು ಗುಂಡಿಗಳಿವೆ? ಒಂದೊಂದನ್ನೂ ಕೊನೆಯ ಸಲ ತೆಗೆದುದು ಯಾವಾಗ? ತೆಗೆದ ಮಡ್ಡಿಯನ್ನು ಎಲ್ಲಿ ಸುರಿದರು? ಈ ಮೂರಕ್ಕೂ ಉತ್ತರವು ಒಂದು ಪುಸ್ತಕದಲ್ಲಿ ಬರೆದಿಟ್ಟಿರುವ ಊರಿನಲ್ಲಿ ವಿಜ್ಞಾನವು ತನ್ನ ಕೆಲಸವನ್ನು ಮಾಡಬಲ್ಲದು. ಉತ್ತರವಿಲ್ಲದ ಊರಿನಲ್ಲಿ ಎಂತಹ ಸ್ಥಾವರವನ್ನು ಕಟ್ಟಿದರೂ ಪ್ರಯೋಜನವಾಗುವುದು ಕಷ್ಟ. ಪ್ರಶ್ನೆಗಳನ್ನು ಕೇಳುವ ಮುನ್ನ ನಮ್ಮ ನಮ್ಮ ಮನೆಯ ಗುಂಡಿಯ ಉತ್ತರವನ್ನು ನಾವೇ ತಿಳಿದುಕೊಂಡಿರುವುದು ಮೊದಲ ಕರ್ತವ್ಯ.